ತಟ್ಟೆಗೆ ತೇವವೇ ಶತ್ರು
ಬೆಳ್ತಂಗಡಿ ತಾಲೂಕಿನ ಕೊಕ್ಕಡದಂಥ ಊರಲ್ಲಿ ಮದುವೆ, ಪೂಜೆಯ ಊಟಕ್ಕೆ ಸ್ಟೀಲ್ ಬಟ್ಟಲು, ಲೋಟ, ಹಾಳೆತಟ್ಟೆಗಳು ಪಿಕಪ್ ಹತ್ತಿ ಹೊರಡುತ್ತವೆ. ಸಾಗಿಸುವವರ ಚಿಂತೆಯೆಲ್ಲ ಒಡೆಯುವುದರ, ನಜ್ಜಾಗುವುದರ ಮೇಲೆ. ಆದರೆ ಇಷ್ಟು ಮಳೆ ಸುರಿಯುವ ಸೀಮೆಯಲ್ಲಿ ದೊಡ್ಡ ಅಪಾಯ ತೇವದ್ದು. ಉದುರಿದ ಅಡಿಕೆ ಹಾಳೆಯನ್ನು ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿ ಮಾಡಿದ ತಟ್ಟೆ ಗಾಳಿಯ ತೇವ ಹೀರಿ ಬೂಸ್ಟು ಹಿಡಿಯುತ್ತದೆ. ಅದನ್ನು ಚೆನ್ನಾಗಿ ಒಣಗಿಸಿ, ಗಾಳಿಯಾಡದ ಚೀಲದಲ್ಲಿ ಕಟ್ಟಿ, ನೆಲಕ್ಕೆ ತಾಗದಂತೆ ಇಡಬೇಕು. ಸ್ಟೀಲ್ ತಟ್ಟೆಯೂ ಅಷ್ಟೆ: ಹಸಿಯಾಗಿಯೇ ಒಂದರ ಮೇಲೊಂದು ಕೂತರೆ ನಡುವಿನ ನೀರು ಆರದೆ ರೋಗಾಣುಗಳಿಗೆ ನೆಲೆಯಾಗುತ್ತದೆ. ಪಿಂಗಾಣಿಯನ್ನಾದರೆ ಕಾಗದ ಸುತ್ತಿ ಅಂಚಿನ ಮೇಲೆ ನಿಲ್ಲಿಸಿ ಒಯ್ಯುವುದು ಲೇಸು.

ಊಟ ಮುಗಿದ ರಾತ್ರಿ ಅಷ್ಟೊಂದು ತಟ್ಟೆ ಒಣಗಿಸುವ ಪುರಸೊತ್ತು ಯಾರಿಗಿದೆ ಎಂಬ ಆಕ್ಷೇಪ ನ್ಯಾಯವೇ. ತೂತಿನ ಕ್ರೇಟಿನಲ್ಲಿ ಓರೆಯಾಗಿ ನಿಲ್ಲಿಸಿ ಸಾಗಿಸಿದರೆ ನೀರು ಬಸಿಯುತ್ತದೆ. ಪೂರ್ತಿ ಒಣಗಿಸುವ ಕೆಲಸವನ್ನು ಮರುದಿನ ಮಾಡಬಹುದು. ಈ ರಗಳೆ ಬೇಡವೆಂದು ಬಿಸಾಡುವ ಪ್ಲಾಸ್ಟಿಕ್ ತಟ್ಟೆಗೆ ಮರಳುವಂತಿಲ್ಲ: ಕರ್ನಾಟಕ 2016ರಲ್ಲೇ, ಇಡೀ ದೇಶ 2022ರ ಜುಲೈ 1ರಿಂದ ಅದನ್ನು ನಿಷೇಧಿಸಿವೆ. ಹಾಗೆಂದು ಹಾಳೆತಟ್ಟೆಯೂ ಸಂಶಯಾತೀತವಲ್ಲ: ಅದರಿಂದ ಅಡಿಕೆಯ ಆಲ್ಕಲಾಯ್ಡ್‌ಗಳು ಆಹಾರಕ್ಕೆ ಸೇರಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರಲ್ಲಿ ಎಚ್ಚರಿಸಿದೆ. ನಮ್ಮ ಬೆಳೆಗಾರರಿಗೆ ಇದು ನೋವಿನ ಮಾತು, ಆದರೂ ತಳ್ಳಿಹಾಕುವಂಥದ್ದಲ್ಲ. ಸಂಶಯ ಪರಿಹಾರವಾಗುವ ತನಕ ಬಿಸಿ ಸಾರು, ಪಾಯಸಕ್ಕೆ ಸ್ಟೀಲ್ ಬಟ್ಟಲನ್ನೇ ಗಾಡಿಗೆ ಏರಿಸುವುದು ಕ್ಷೇಮ.