ಹೆಸರುಗಳ ಮೂಲಪಟ್ಟಿ

ಹಾವೇರಿ ಜಿಲ್ಲೆಯ ಬ್ಯಾಡಗಿ ಪಟ್ಟಣವು ಮೆಣಸಿನಕಾಯಿಗೆ ಹೆಸರಾದುದು. ಸುಗ್ಗಿಯ ದಿನಗಳಲ್ಲಿ ಸೋಮವಾರ, ಗುರುವಾರ ಬಂದಿತೆಂದರೆ ಅಲ್ಲಿಯ ಮಾರುಕಟ್ಟೆಯ ಅಂಗಳವೆಲ್ಲ ಕೆಂಪಾಗಿ ಕಾಣುವುದು. ಕಡ್ಡಿ, ಡಬ್ಬಿ ಎಂದು ಕರೆಯುವ ಈ ಕಾಯಿಗಳಲ್ಲಿ ಖಾರ ಕಡಿಮೆ, ಬಣ್ಣ ಹೆಚ್ಚು. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಿಯ ಮನ್ನಣೆ ದೊರೆಯಿತು. ಹೆಸರೊಂದಕ್ಕೆ ಎಷ್ಟು ಬೆಲೆಯಿದೆ ಎಂಬುದನ್ನು ಬ್ಯಾಡಗಿಯವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಮಾರುಕಟ್ಟೆಯಲ್ಲಿ ಇಂದು ಖರೀದಿದಾರರು ರಾಶಿಗಳನ್ನು ಪರೀಕ್ಷಿಸಿ, ತಾವು ಕೊಡುವ ಬೆಲೆಯನ್ನು ಇ-ಟೆಂಡರ್ ಮೂಲಕ ನಮೂದಿಸುತ್ತಾರೆ. ರಾಜ್ಯದ ಮಾರುಕಟ್ಟೆಗಳ ಧಾರಣೆಯು ಸರಕಾರದ ‘ಕೃಷಿ ಮಾರಾಟ ವಾಹಿನಿ’ ಎಂಬ ಜಾಲತಾಣದಲ್ಲಿ ಪ್ರಕಟವಾಗುತ್ತದೆ. ರಾಣೆಬೆನ್ನೂರು ತಾಲೂಕಿನ ರೈತನು ತನ್ನ ಜಗಲಿಯ ಮೇಲೆ ಕುಳಿತೇ ಅದನ್ನು ನೋಡಬಲ್ಲನು. 2024ರ ಮಾರ್ಚ್ 11ರಂದು ಬೆಲೆ ಕುಸಿಯಿತೆಂದು ರೊಚ್ಚಿಗೆದ್ದ ಜನರು ಬ್ಯಾಡಗಿಯ ಮಾರುಕಟ್ಟೆ ಸಮಿತಿಯ ಕಚೇರಿಗೂ ವಾಹನಗಳಿಗೂ ಬೆಂಕಿಯಿಟ್ಟರು. ಆ ಕೃತ್ಯವನ್ನು ಯಾರೂ ಮೆಚ್ಚಲಾರರು. ಆದರೆ ಧಾರಣೆಯ ಅಂಕಿಗಳಿಗೆ ಎಷ್ಟು ಮನೆಗಳ ಬದುಕು ಅಂಟಿಕೊಂಡಿದೆ ಎಂಬುದು ಅದರಿಂದ ತಿಳಿಯುತ್ತದೆ.

ಆ ರೈತನು ಜಾಲತಾಣದ ಹೆಸರನ್ನು ಒತ್ತಿದಾಗ ನಡೆಯುವುದೇನು? ಗಣಕಯಂತ್ರಗಳು ಹೆಸರುಗಳನ್ನು ಅರಿಯವು. ಅವುಗಳಿಗೆ ಬೇಕಾದುದು ಸಂಖ್ಯೆ. ಆದುದರಿಂದ ಹೆಸರನ್ನು ಸಂಖ್ಯೆಗೆ ತಿರುಗಿಸಿಕೊಳ್ಳಬೇಕು. ಈ ವ್ಯವಸ್ಥೆಯನ್ನು 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಎಂಬ ಅಮೆರಿಕದ ವಿಜ್ಞಾನಿಯು ರೂಪಿಸಿದನು. ಇದರಲ್ಲಿ ವಿಳಾಸವನ್ನು ಕೊನೆಯಿಂದ ಮೊದಲಿಗೆ ಓದಲಾಗುತ್ತದೆ. ಕೃಷಿ ಮಾರಾಟ ವಾಹಿನಿಯ ವಿಳಾಸದ ಕೊನೆಯಲ್ಲಿರುವುದು ‘ಇನ್’ ಎಂಬ, ಭಾರತವನ್ನು ಸೂಚಿಸುವ ಎರಡಕ್ಷರ. ಅದರ ಹಿಂದೆ ಸರಕಾರವನ್ನು ಸೂಚಿಸುವ ‘ಗವ್’, ಅದರ ಹಿಂದೆ ‘ಕರ್ನಾಟಕ’. ‘ಇನ್’ ಎಂಬುದರ ದಫ್ತರವನ್ನು ಇಟ್ಟಿರುವುದು 2003ರಲ್ಲಿ ಸ್ಥಾಪನೆಯಾದ ನಮ್ಮ ದೇಶದ್ದೇ ಆದ ‘ನಿಕ್ಸಿ’ ಸಂಸ್ಥೆ. ಆದರೆ ಆ ದಫ್ತರವು ಎಲ್ಲಿದೆ ಎಂಬುದನ್ನು ಜಗತ್ತಿಗೆ ತಿಳಿಸುವ ಒಂದು ಪಟ್ಟಿ ಅದಕ್ಕೂ ಮೇಲಿದೆ. ಅದುವೇ ಮೂಲಪಟ್ಟಿ. ಗಾತ್ರದಲ್ಲಿ ಇದು ಅತಿ ಚಿಕ್ಕದು. ಆದರೂ ಇದರಿಂದ ಒಂದು ದೇಶದ ಎರಡಕ್ಷರವನ್ನು ಅಳಿಸಿದರೆ, ಆ ಅಕ್ಷರಗಳಿಂದ ಕೊನೆಗೊಳ್ಳುವ ಹೆಸರುಗಳೆಲ್ಲವೂ ಕೆಲವೇ ದಿನಗಳಲ್ಲಿ ಜಗತ್ತಿಗೆ ಕಾಣದಂತಾಗುವುವು.

ಅಂತರಜಾಲವು ಹುಟ್ಟಿದುದು ಅಮೆರಿಕದಲ್ಲಿ. ಹೀಗಾಗಿ ಪಟ್ಟಿಯೂ ಅಲ್ಲಿಯೇ ಉಳಿಯಿತು. ಬಹುಕಾಲ ಅದನ್ನು ಜಾನ್ ಪೋಸ್ಟೆಲ್ ಎಂಬ ವಿದ್ವಾಂಸನು ನೋಡಿಕೊಂಡನು. 1998ರಲ್ಲಿ ‘ಐಕ್ಯಾನ್’ ಎಂಬ ಲಾಭರಹಿತ ಸಂಸ್ಥೆಯು ಕ್ಯಾಲಿಫೋರ್ನಿಯದಲ್ಲಿ ಸ್ಥಾಪಿತವಾಯಿತು. ಅದರ ಮೇಲೆ ಅಮೆರಿಕ ಸರಕಾರದ ವಾಣಿಜ್ಯ ಇಲಾಖೆಯ ಮೇಲ್ವಿಚಾರಣೆಯಿತ್ತು. ಪಟ್ಟಿಯನ್ನು ಜಗತ್ತಿಗೆ ಹಂಚುವ ಹದಿಮೂರು ಮೂಲ ಸರ್ವರುಗಳನ್ನು ಹನ್ನೆರಡು ಸಂಸ್ಥೆಗಳು ನಡೆಸುತ್ತವೆ. ಅವುಗಳಲ್ಲಿ ಒಂಬತ್ತು ಅಮೆರಿಕದವು. ಉಳಿದವು ಸ್ವೀಡನ್, ನೆದರ್‌ಲ್ಯಾಂಡ್ಸ್ ಮತ್ತು ಜಪಾನ್ ದೇಶದವು. ಈ ಸರ್ವರುಗಳ ಪ್ರತಿರೂಪಗಳು ಈಗ ಭಾರತವೂ ಸೇರಿ ಜಗತ್ತಿನ ಸಾವಿರಕ್ಕೂ ಹೆಚ್ಚು ಸ್ಥಳಗಳಲ್ಲಿವೆ. ಆದರೆ ಪಟ್ಟಿಯನ್ನು ಹಂಚುವುದು ಬೇರೆ, ತಿದ್ದುವುದು ಬೇರೆ.

ಒಂದೇ ದೇಶದ ಕೈಯಲ್ಲಿ ಇದು ಇರಬಹುದೇ? ಮಾರುಕಟ್ಟೆಯ ಮಾತಿನಲ್ಲಿಯೇ ಹೇಳುವುದಾದರೆ, ಒಬ್ಬ ವರ್ತಕನ ಕೈಯಲ್ಲಿಯೇ ತಕ್ಕಡಿಯೂ ಲೆಕ್ಕದ ವಹಿಯೂ ಇದ್ದರೆ, ಅವನು ಎಂದೂ ಮೋಸ ಮಾಡದವನಾಗಿದ್ದರೂ ರೈತನ ಸಂಶಯ ತೊಲಗದು. ಕರ್ನಾಟಕದಲ್ಲಿ 1966ರ ಮಾರುಕಟ್ಟೆ ಕಾಯಿದೆಯು ರೈತರ ಪ್ರತಿನಿಧಿಗಳನ್ನೂ ವರ್ತಕರ ಪ್ರತಿನಿಧಿಗಳನ್ನೂ ಒಂದೇ ಸಮಿತಿಯಲ್ಲಿ ಕುಳ್ಳಿರಿಸಿತು. ಸಮಿತಿಯಿಂದ ಎಲ್ಲ ದೂರುಗಳೂ ಮುಗಿದುವೆಂದಲ್ಲ. ಆದರೆ ದೂರನ್ನು ಎಲ್ಲಿ ಹೇಳಬೇಕೆಂಬುದಾದರೂ ಗೊತ್ತಾಯಿತು.

ಜಗತ್ತಿನ ದೇಶಗಳು ಇದೇ ಪ್ರಶ್ನೆಯನ್ನು 2005ರಲ್ಲಿ ಟ್ಯೂನಿಸ್ ನಗರದ ಸಮ್ಮೇಳನದಲ್ಲಿ ಎತ್ತಿದವು. 2011ರಲ್ಲಿ ಭಾರತವು, ಅಂತರಜಾಲದ ನೀತಿಗಾಗಿ ವಿಶ್ವಸಂಸ್ಥೆಯಲ್ಲಿ ಐವತ್ತು ರಾಷ್ಟ್ರಗಳ ಒಂದು ಸಮಿತಿ ಇರಲೆಂದು ಸೂಚಿಸಿತು. ಇದನ್ನು ಹಲವರು ವಿರೋಧಿಸಿದರು. ಒಂದು ಸರಕಾರದ ಹಿಡಿತವನ್ನು ತಪ್ಪಿಸಿ ಐವತ್ತು ಸರಕಾರಗಳ ಹಿಡಿತಕ್ಕೆ ಕೊಟ್ಟರೆ, ಸರಕಾರಗಳಲ್ಲದವರ ಗತಿಯೇನು ಎಂಬುದು ಅವರ ಆಕ್ಷೇಪ. ಅದರಲ್ಲಿ ಹುರುಳಿಲ್ಲದಿರಲಿಲ್ಲ. 2015ರಲ್ಲಿ ಭಾರತವು ತನ್ನ ನಿಲುವನ್ನು ಬದಲಿಸಿ, ಸರಕಾರಗಳು, ತಂತ್ರಜ್ಞರು, ಉದ್ಯಮಗಳು, ಬಳಕೆದಾರರು ಕೂಡಿ ನಡೆಸುವ ಕ್ರಮಕ್ಕೆ ಬೆಂಬಲವಿತ್ತಿತು. 2016ರ ಅಕ್ಟೋಬರ್ 1ರಂದು ಅಮೆರಿಕ ಸರಕಾರದ ಮೇಲ್ವಿಚಾರಣೆಯು ಕೊನೆಗೊಂಡಿತು.

ಹೊಸ ಕ್ರಮಕ್ಕೆ ಪರೀಕ್ಷೆಯೂ ಬೇಗನೆ ಬಂದಿತು. 2022ರಲ್ಲಿ ರಷ್ಯವು ಉಕ್ರೇನಿನ ಮೇಲೆ ದಾಳಿಮಾಡಿದಾಗ, ರಷ್ಯದ ಎರಡಕ್ಷರವನ್ನು ಮೂಲಪಟ್ಟಿಯಿಂದ ತೆಗೆಯಬೇಕೆಂದು ಉಕ್ರೇನ್ ಐಕ್ಯಾನನ್ನು ಕೇಳಿತು. ಅಮೆರಿಕವು ಉಕ್ರೇನಿನ ಪಕ್ಷದಲ್ಲಿಯೇ ಇದ್ದಿತು. ಆದರೂ ಐಕ್ಯಾನ್ ಒಪ್ಪಲಿಲ್ಲ. ಪಕ್ಷ ವಹಿಸುವುದು ತನ್ನ ಕೆಲಸವಲ್ಲವೆಂದು ಉತ್ತರವಿತ್ತಿತು. ಪೆಟ್ಟು ತಿಂದವರಿಗೆ ಈ ಉತ್ತರ ಕಠಿಣವೆನಿಸಿರಬೇಕು. ಆದರೆ ಒಂದು ದೇಶದ ಹೆಸರನ್ನು ಕೋಪಕ್ಕಾಗಿ ಅಳಿಸಬಹುದಾದರೆ, ಮುಂದೆ ಯಾವ ದೇಶದ ಹೆಸರೂ ಭದ್ರವಲ್ಲ.

ಹಾಗೆಂದು ಎಲ್ಲವೂ ಸರಿಹೋಯಿತೆನ್ನಲಾಗದು. ಐಕ್ಯಾನ್ ಇಂದಿಗೂ ಕ್ಯಾಲಿಫೋರ್ನಿಯದ ಕಾನೂನಿಗೆ ಒಳಪಟ್ಟ ಸಂಸ್ಥೆಯೇ. ಇನ್ನೊಂದು ಮಾತನ್ನೂ ಇಲ್ಲಿ ಮರೆಯಬಾರದು. ದೂರದ ದೇಶವು ನಮ್ಮ ಜಾಲವನ್ನು ಕಡಿದೀತೆಂದು ಅಂಜುವ ನಾವು, ಅದನ್ನು ಪದೇ ಪದೇ ನಿಲ್ಲಿಸುತ್ತ ಬಂದಿರುವುದು ನಮ್ಮವೇ ಸರಕಾರಗಳು ಎಂಬುದನ್ನೂ ಕಾಣಬೇಕು. ಅನಿರ್ದಿಷ್ಟ ಕಾಲದವರೆಗೆ ಅಂತರಜಾಲವನ್ನು ನಿಲ್ಲಿಸಕೂಡದೆಂದೂ, ಅಂಥ ಆಜ್ಞೆಗಳನ್ನು ಪ್ರಕಟಿಸಲೇಬೇಕೆಂದೂ ಸುಪ್ರೀಂ ಕೋರ್ಟು 2020ರ ಜನವರಿಯಲ್ಲಿ ಹೇಳಬೇಕಾಯಿತು.

ಮೂಲಪಟ್ಟಿಯಲ್ಲಿ ಇಂದು ಕನ್ನಡ ಲಿಪಿಯ ‘ಭಾರತ’ ಎಂಬ ಪದವೂ ಸೇರಿದೆ. ಇನ್ನು ಮುಂದೆ ಆ ಪಟ್ಟಿಗೆ ಸೇರಬಹುದಾದ ಕನ್ನಡ ಹೆಸರುಗಳಿಗೆ ನಿಯಮಗಳನ್ನು ರಚಿಸಿದವರು ಅಮೆರಿಕದ ಅಧಿಕಾರಿಗಳಲ್ಲ. ಭಾರತ ಮತ್ತು ನೆರೆಯ ದೇಶಗಳ ಭಾಷಾತಜ್ಞರೂ ಗಣಕತಜ್ಞರೂ. ಅವರ ಮುಂದೆ ಬಂದ ಒಂದು ತೊಡಕು ನಮಗೆ ಪರಿಚಿತವಾದುದೇ. ಕನ್ನಡದ ಗ, ಜ, ರ, ಲ ಮುಂತಾದ ಅಕ್ಷರಗಳೂ ತೆಲುಗಿನ ಅಕ್ಷರಗಳೂ ಕಣ್ಣಿಗೆ ಒಂದೇ ಬಗೆ. ಗಣಕಯಂತ್ರಕ್ಕೆ ಮಾತ್ರ ಅವು ಬೇರೆ ಬೇರೆ. ಕನ್ನಡದಲ್ಲಿ ಒಬ್ಬನು ಪಡೆದ ಹೆಸರಿನ ತದ್ರೂಪವನ್ನು ಮತ್ತೊಬ್ಬನು ತೆಲುಗಿನಲ್ಲಿ ಪಡೆದರೆ, ಓದುವವನು ಯಾರನ್ನು ನಂಬಬೇಕು? ಆದುದರಿಂದ ಇಂಥ ಜೋಡಿ ಹೆಸರುಗಳಲ್ಲಿ ಒಂದನ್ನು ಕೊಟ್ಟ ಮೇಲೆ ಇನ್ನೊಂದನ್ನು ಬೇರೆಯವರಿಗೆ ಕೊಡತಕ್ಕದ್ದಲ್ಲವೆಂದು ಅವರು ಗೊತ್ತುಮಾಡಿದರು.