ಪೆಟ್ಟು ಕಾಲಿನ ನರಕ್ಕೆ, ಗದ್ದಲ ಬೆನ್ನುಹುರಿಯಲ್ಲಿ

ತೆಳು ನೈಲಾನ್ ಎಳೆಯೊಂದನ್ನು ಇಲಿಯ ಅಂಗಾಲಿಗೆ ಮೆಲ್ಲಗೆ ಒತ್ತಿದರೆ ಅದು ಲೆಕ್ಕಿಸುವುದಿಲ್ಲ. ಅದೇ ಕಾಲಿಗೆ ಹೋಗುವ ನರಕ್ಕೆ ಪೆಟ್ಟಾಗಿ ಕೆಲವು ದಿನ ಕಳೆಯಲಿ, ಅಷ್ಟೇ ಒತ್ತಿದರೂ ಸರಕ್ಕನೆ ಕಾಲೆಳೆದುಕೊಳ್ಳುತ್ತದೆ. ಸರ್ಪಸುತ್ತು ಬಂದು ಹೋದ ಕೆಲವರು ಅಂಗಿ ತಾಗಿದರೂ ಉರಿ ಎನ್ನುತ್ತಾರಲ್ಲ, ಅದೇ ಬಗೆಯ ನೋವು. ವೈದ್ಯರು ಇದನ್ನು ಅಲೊಡಿನಿಯಾ ಎನ್ನುತ್ತಾರೆ. ಮಾರ್ಫಿನ್‌ಗೂ ಇದು ಸುಲಭಕ್ಕೆ ಬಗ್ಗುವುದಿಲ್ಲ.

ಇದರ ಕಾರಣವನ್ನು ಬಹುಕಾಲ ನರಕೋಶಗಳಲ್ಲೇ ಹುಡುಕುತ್ತಿದ್ದರು. 2003ರಲ್ಲಿ ಜಪಾನಿನ ಮಕೊಟೊ ತ್ಸುದಾ, ಕಜುಹಿದೆ ಇನೊಯೆ ಮತ್ತು ಕೆನಡಾದ ಮೈಕೆಲ್ ಸಾಲ್ಟರ್ ಅವರ ತಂಡ ಬೊಟ್ಟುಮಾಡಿದ್ದು ಮೈಕ್ರೊಗ್ಲಿಯಾಗಳತ್ತ. ಇವು ನರಕೋಶಗಳೇ ಅಲ್ಲ, ನರಮಂಡಲದ ರೋಗರಕ್ಷಕ ಕೋಶಗಳು. ಪೆಟ್ಟಾದ ನರ ಬಂದು ಸೇರುವ ಕಡೆ, ಬೆನ್ನುಹುರಿಯ ಆ ಬದಿಯಲ್ಲಿ ಇವು ಊದಿಕೊಳ್ಳುತ್ತವೆ, ಸಂಖ್ಯೆಯಲ್ಲೂ ಹೆಚ್ಚುತ್ತವೆ. ಅಲ್ಲಿಯವರೆಗೆ ತೆಪ್ಪಗಿದ್ದ ಒಂದು ಜೀನ್ ಅವುಗಳೊಳಗೆ ಚುರುಕಾಗಿ ಪಿ2ಎಕ್ಸ್4 ಎಂಬ ಗ್ರಾಹಕ ಪ್ರೋಟೀನನ್ನು ಹೇರಳವಾಗಿ ತಯಾರಿಸುತ್ತದೆ. ಕೋಶದ ಪೊರೆಯಲ್ಲಿ ಕೂತ ಈ ಗ್ರಾಹಕಕ್ಕೆ ಎಟಿಪಿ ಅಣು ತಾಗಿದರೆ ಅದು ತೆರೆದುಕೊಂಡು ಕ್ಯಾಲ್ಸಿಯಂ ಒಳಬಿಡುತ್ತದೆ.

ಗ್ರಾಹಕ ಹೆಚ್ಚಿತು, ನೋವೂ ಹೆಚ್ಚಿತು ಎಂದಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಎನ್ನಲಾಗದು. ಗ್ರಾಹಕವನ್ನು ತಡೆಯುವ ರಾಸಾಯನಿಕ ಕೊಟ್ಟಾಗ ಅಲೊಡಿನಿಯಾ ಇಳಿಯಿತು, ಸರಿ. ಆದರೆ ನನ್ನ ಮಟ್ಟಿಗೆ ಗಟ್ಟಿ ಸಾಕ್ಷಿ ಅವರ ಇನ್ನೊಂದು ಪ್ರಯೋಗ: ಎಟಿಪಿಯಿಂದ ಕೆರಳಿಸಿದ ಮೈಕ್ರೊಗ್ಲಿಯಾಗಳನ್ನು ಪೆಟ್ಟೇ ತಿನ್ನದ ಇಲಿಗಳ ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಬಿಟ್ಟರು. ಅವೂ ಮುಟ್ಟಿದರೆ ಕಾಲೆಳೆದುಕೊಳ್ಳತೊಡಗಿದವು!

ಮುಂದಿನ ಕೊಂಡಿ ಸಿಕ್ಕಿದ್ದು 2005ರಲ್ಲಿ. ಕೆರಳಿದ ಮೈಕ್ರೊಗ್ಲಿಯಾಗಳು ಬಿಡಿಎನ್‌ಎಫ್ ಎಂಬ ಪ್ರೋಟೀನನ್ನು ಹೊರಬಿಡುತ್ತವೆ. ಅದರಿಂದಾಗಿ ಪಕ್ಕದ ನರಕೋಶಗಳೊಳಗೆ ಕ್ಲೋರೈಡ್ ಏರುಪೇರಾಗುತ್ತದೆ. ನೋವಿನ ಸಂದೇಶವನ್ನು ಸುಮ್ಮನಾಗಿಸಬೇಕಾದ ಗಾಬಾ ಎಂಬ ರಾಸಾಯನಿಕ ಆಗ ತನ್ನ ಬಲ ಕಳೆದುಕೊಳ್ಳುತ್ತದೆ, ಕೆಲವು ಕೋಶಗಳನ್ನಂತೂ ಕೆರಳಿಸಿಯೇಬಿಡುತ್ತದೆ. ಬ್ರೇಕ್ ಅದುಮಿದರೆ ಗಾಡಿ ಮುನ್ನುಗ್ಗಿದ ಹಾಗೆ.

ಇಷ್ಟಕ್ಕೇ ಔಷಧದ ದಾರಿ ಸಲೀಸಾಯಿತು ಅನ್ನುವಂತಿಲ್ಲ. ನೋವಿನ ಪ್ರಯೋಗಶಾಲೆಗಳು ದಶಕಗಳ ಕಾಲ ಹೆಚ್ಚಾಗಿ ಗಂಡು ಇಲಿಗಳನ್ನೇ ಬಳಸಿದ್ದವು. ದೀರ್ಘಕಾಲದ ನೋವು ಹೆಚ್ಚಾಗಿ ಕಾಡುವುದು ಹೆಂಗಸರನ್ನು ಎಂಬುದು ಗೊತ್ತಿದ್ದೂ! 2015ರಲ್ಲಿ ಕೆನಡಾದ ಜೆಫ್ರಿ ಮೊಗಿಲ್, ಸಾಲ್ಟರ್ ಮತ್ತವರ ಸಹೋದ್ಯೋಗಿಗಳು ಚಿಟ್ಟಿಲಿಗಳಲ್ಲಿ ಮೈಕ್ರೊಗ್ಲಿಯಾಗಳನ್ನು ತಡೆದು ನೋಡಿದರು. ಗಂಡುಗಳ ಅಲೊಡಿನಿಯಾ ಇಳಿಯಿತು, ಹೆಣ್ಣುಗಳದ್ದು ಇಳಿಯಲಿಲ್ಲ. ಹೆಣ್ಣುಗಳಲ್ಲಿ ಅದೇ ಕೆಲಸವನ್ನು ರಕ್ತದ ಟಿ-ಕೋಶಗಳು ಮಾಡುತ್ತಿರಬಹುದು ಎಂಬುದು ಅವರ ಊಹೆ.