ಯಂತ್ರ ಹಿಡಿದ ತಾಳ

ಬೂದಿಕೋಟೆಯೆಂದೊಡನೆ ಹೈದರಾಲಿ ಹುಟ್ಟಿದ ಊರೆಂಬುದು ಎಲ್ಲರ ನೆನಪಿಗೆ ಬರುತ್ತದೆ. ನನಗಾದರೋ ಅದು ನಮ್ಮ ತಾಯಿಯವರ ಸೋಬಾನೆ ಪದಗಳ ಊರು. ಅವರ ಕಂಠ ಇಳಿಯುವ ಮುನ್ನ ಒಂದು ಧಾಟಿಯನ್ನಾದರೂ ಬರೆದಿಡಬೇಕೆಂದು ಹೊರಟೆ. ನುಡಿಸಲು ಒಪ್ಪಿದ ಕೆ.ಜಿ.ಎಫ್.ನ ಪಿಟೀಲುವಾದಕರು ಓದಬಲ್ಲವರಾಗಿದ್ದುದು ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿಯನ್ನು ಮಾತ್ರ.

ಆ ಲಿಪಿಯನ್ನು ಅಚ್ಚಿಗೆ ಸಿದ್ಧಪಡಿಸಲು ಲಿಲಿಪಾಂಡ್ ಎಂಬ ಗಣಕ ತಂತ್ರಾಂಶವುಂಟು. ಹಾಲೆಂಡಿನ ಇಬ್ಬರು 1996ರಲ್ಲಿ ಆರಂಭಿಸಿದ ಇದನ್ನು ಹಣ ತೆರದೆಯೇ ಬಳಸಬಹುದು. ಸ್ವರಗಳನ್ನು ಅಕ್ಷರಗಳಲ್ಲಿಯೂ ಅವುಗಳ ಕಾಲವನ್ನು ಅಂಕಿಗಳಲ್ಲಿಯೂ ಬರೆದುಕೊಟ್ಟರೆ ಅದು ಪುಟ ಕಟ್ಟಿಕೊಡುತ್ತದೆ. 4 ಎಂದರೆ ಕಾಲು, 8 ಎಂದರೆ ಅರೆಕಾಲು. ಅಂಕಿ ಬರೆಯದಿದ್ದರೆ ಹಿಂದಿನ ಸ್ವರದ ಕಾಲವೇ ಮುಂದುವರಿಯುತ್ತದೆ.

ನಾನು ಎಡವಿದ್ದು ಅಲ್ಲಿಯೇ. ನಾಲ್ಕು ಕಾಲುಗಳು ತುಂಬಬೇಕಾದ ಒಂದು ಖಂಡದಲ್ಲಿ ‘ಸಿ4 ಡಿ8 ಇ ಎಫ್ ಜಿ’ ಎಂದು ಬರೆದು, ಕೊನೆಗೆ ತಾಳ ಪರೀಕ್ಷಿಸುವ ಗೆರೆಯನ್ನು ಹಾಕಿದೆ. ಯಂತ್ರವು ಸಾಲಿನ ಸಂಖ್ಯೆಯನ್ನೂ ಸಾಲಿನೊಳಗಣ ಸ್ಥಾನವನ್ನೂ ತಿಳಿಸಿ, ಗೆರೆಯ ಲೆಕ್ಕ 3/4ರಲ್ಲಿ ತಪ್ಪಿತೆಂದು ಎಚ್ಚರಿಸಿತು. ಗೆರೆ ಸರಿಯಾಗಿಯೇ ಇದೆಯಲ್ಲ ಎಂದು ನನಗೆ ರೇಗಿತು. ಮತ್ತೆ ಎಣಿಸಿದೆ: ಒಂದು ಕಾಲು, ನಾಲ್ಕು ಅರೆಕಾಲು, ಕೂಡಿದರೆ ಮುಕ್ಕಾಲು. ಎಫ್‌ನ ಮುಂದೆ 4 ಬರೆಯಲು ಮರೆತಿದ್ದೆ. ಹಾಡುವಾಗಲೂ ಹೀಗೆಯೇ ಅಲ್ಲವೆ? ಎಡವಟ್ಟು ಬಯಲಾಗುವುದು ಸಮದಲ್ಲಿ. ಆದದ್ದು ಅದಕ್ಕೂ ಹಿಂದೆ.

ಆದ್ದರಿಂದ ಯಂತ್ರ ಬೆರಳಿಟ್ಟ ಜಾಗದಿಂದ ಹಿಂದಕ್ಕೆ ಓದಬೇಕು. ತೆರೆದ ಪುಷ್ಪಾವರಣವನ್ನು ಮುಚ್ಚದಿದ್ದರೆ ದೂರು ಕೇಳಿಬರುವುದು ಕಡತದ ಕಟ್ಟಕಡೆಯಲ್ಲಿ. ದೂರುಗಳು ಹತ್ತಿದ್ದರೆ ಮೊದಲನೆಯದನ್ನು ತಿದ್ದಿ ಮತ್ತೆ ನಡೆಸಬೇಕು; ಎಷ್ಟೋ ವೇಳೆ ಉಳಿದವು ಅದರ ಮರಿಗಳು. ಎಚ್ಚರಿಕೆಗೂ ದೋಷಕ್ಕೂ ಭೇದವುಂಟು. ದೋಷವಿದ್ದರೆ ಪುಟವೇ ಕೆಡಬಹುದು. ಎಚ್ಚರಿಕೆಯಿದ್ದರೂ ಪುಟ ಹೊರಬರುತ್ತದೆ. ನನಗೂ ಬಂದಿತ್ತು, ಬಲು ಸುಂದರವಾಗಿ. ಅದನ್ನೇ ಕಳುಹಿಸಿದ್ದರೆ ಪಿಟೀಲುವಾದಕರು ನನ್ನ ತಪ್ಪನ್ನು ನಿಷ್ಠೆಯಿಂದ ನುಡಿಸುತ್ತಿದ್ದರು.

ತಿದ್ದಿದ ಪುಟಕ್ಕೆ ಯಂತ್ರ ಯಾವ ತಕರಾರನ್ನೂ ಎತ್ತಲಿಲ್ಲ. ಪಿಟೀಲುವಾದಕರು ಮನೆಗೆ ಬಂದು ನುಡಿಸಿದರು. ತಾಯಿಯವರು ತಾಳ ಹಾಕುತ್ತ ಕೇಳಿ, ನಡುವೆ ಕೈ ನಿಲ್ಲಿಸಿ, “ಇಲ್ಲಿ ಇಳೀಬೇಕು ಕಣಪ್ಪ, ಏರಬಾರದು” ಎಂದರು. ಸ್ವರವನ್ನೇ ತಪ್ಪಾಗಿ ಬರೆದಿದ್ದೆ. ಕಾಲದ ಲೆಕ್ಕ ಸರಿಯಿದ್ದುದರಿಂದ ಯಂತ್ರಕ್ಕೆ ಅದು ತಪ್ಪಾಗಿ ಕಂಡಿರಲಿಲ್ಲ. ಆ ಸ್ವರವನ್ನು ಅವರೆದುರಿಗೇ ತಿದ್ದಿಕೊಂಡೆ.